ಇನ್ನೂ ಕೆಟ್ಟ ರಸ್ತೆ

“ಇಷ್ಟೇನಾ?” ಹಿಂದಿನ ಸೀಟಿನಿಂದ ಗಿರಾಕಿ ಮತ್ತೆ ಕೇಳಿದ.

ಸ್ಟಿಯರಿಂಗ್ ಹಿಡಿದಿದ್ದ ಸೇಲ್ಸ್‌ಮನ್ ಹಲ್ಲು ಕಚ್ಚಿದ. ಜೀಪು ಆಗಷ್ಟೇ ಮೊಣಕಾಲುದ್ದದ ಗುಂಡಿ ದಾಟಿತ್ತು. ಚಕ್ರ ಇಳಿದು ಎದ್ದದ್ದು ಒಳಗಿದ್ದವರಿಗೆ ಗೊತ್ತೇ ಆಗಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಇಷ್ಟೊತ್ತಿಗೆ ಭೇಷ್ ಎನ್ನುತ್ತಿದ್ದರು.

“ಸಸ್ಪೆನ್ಷನ್ ಸಾರ್. ತೊಟ್ಟಿಲು ತೂಗಿದ ಹಾಗೆ ಹೋಗುತ್ತೆ.”

“ತೊಟ್ಟಿಲು ಯಾರಿಗೆ ಬೇಕ್ರೀ? ಇದಕ್ಕಿಂತ ಕೆಟ್ಟ ರಸ್ತೆ ಇಲ್ವಾ?”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಮಹಾಶಯನದು ನೆಲ ಸಾಕಷ್ಟು ಡೊಂಕಿಲ್ಲ ಎಂಬ ತಕರಾರು.

ಬೆಳಗಿನಿಂದ ಇದೇ ರಗಳೆ. ಮುಂದೆ ಕೂರಿ ಎಂದರೆ ಹಿಂದಿನ ಚಕ್ರದ ಮೇಲಿನ ಸೀಟಿನಲ್ಲೇ ಕೂತ. ಎತ್ತಿ ಕುಕ್ಕುವುದೆಲ್ಲ ಅಲ್ಲೇ. ನೀವೇ ಓಡಿಸಿ ನೋಡಿ ಎಂದರೆ ಒಲ್ಲೆ ಎಂದ. ಮೈಲೇಜ್ ಕೇಳಲಿಲ್ಲ, ಬಣ್ಣ ಕೇಳಲಿಲ್ಲ. ಮೈಯೆಲ್ಲ ಕುಲುಕಿಸುವ ಪಟ್ಟಿ ಸ್ಪ್ರಿಂಗಿನ ಹಳೇ ಮಾಡೆಲ್ ಇದೆಯಾ ಎಂದು ಮಾತ್ರ ಕೇಳಿದ. ಸೊಂಟ ಹಿಡಿದು ಮುಖ ಕಿವುಚಿದನೆಂದು ಸೇಲ್ಸ್‌ಮನ್ ದಿಂಬು ಚಾಚಿದರೆ ಪಕ್ಕಕ್ಕೆ ತಳ್ಳಿಬಿಟ್ಟ. ಬಾಟಲಿಗಟ್ಟಲೆ ನೀರು ಕುಡಿಯುವುದು, ಗಾಡಿ ನಿಲ್ಲಿಸಿ ಪೊದೆಯ ಹಿಂದೆ ಹೋಗುವುದು, ಸಪ್ಪೆ ಮುಖ ಹೊತ್ತು ಬರುವುದು.

ಎದುರು ಶೋರೂಮಿನವರು ಕಳಿಸಿದ ಆಸಾಮಿಯೇ? ಪೊದೆಯ ಹಿಂದಿನಿಂದ ಅವರಿಗೆ ಫೋನು ಮಾಡುತ್ತಿದ್ದಾನೆಯೇ? ಸೇಲ್ಸ್‌ಮನ್ನಿಗೆ ತಲೆ ಚಿಟ್ಟು ಹಿಡಿಯಿತು. ಆದರೂ ಬಾಯಿ ಬಿಡುವಂತಿರಲಿಲ್ಲ. “ನಾಳೆ ಸಂಜೆಯೊಳಗೆ ಒಂದು ಗಾಡಿ ಮಾರು, ಇಲ್ಲ ಮನೇಲಿರು,” ಎಂದು ಮ್ಯಾನೇಜರ್ ನಿನ್ನೆ ಎಲ್ಲರೆದುರೇ ಹೇಳಿದ್ದ. ಹೆಂಡತಿಗೆ ಅದನ್ನಿನ್ನೂ ತಿಳಿಸಿರಲಿಲ್ಲ.

ಕಲ್ಲುಗಣಿಯ ಮಣ್ಣುದಾರಿ ಬಂತು. ಲಾರಿಗಳು ತುಳಿದೂ ತುಳಿದೂ ನೆಲ ತಗಡಿನ ಶೀಟಿನಂತೆ ಸುಕ್ಕುಗಟ್ಟಿತ್ತು. ಇಂಥಲ್ಲಿ ತುಸು ಜೋರಾಗಿ ಹೋದರೆ ಚಕ್ರ ದಿಬ್ಬದಿಂದ ದಿಬ್ಬಕ್ಕೆ ತೇಲುತ್ತದೆ, ನಡುಕ ತಟ್ಟುವುದಿಲ್ಲ. ಸೇಲ್ಸ್‌ಮನ್ ಹಾಗೇ ತೇಲಿಸಿದ.

“ಏನ್ರೀ, ಅಲ್ಲಾಡೋದೇ ಇಲ್ವಲ್ಲ ನಿಮ್ಮ ಗಾಡಿ! ದಂಡ!”

ಸೇಲ್ಸ್‌ಮನ್ನನ ಸಹನೆಯ ಕಟ್ಟೆ ಒಡೆಯಿತು. ಹೋದರೆ ಹೋಗಲಿ ಕೆಲಸ! ಹಲ್ಲು ಕಟಕಟ ಎನ್ನುವಷ್ಟಕ್ಕೆ ವೇಗ ಇಳಿಸಿ, ಕಂಡ ಕಂಡ ಹಳ್ಳಕ್ಕೆಲ್ಲ ಜೀಪು ನುಗ್ಗಿಸಿದ. ಗಿರಾಕಿಯ ತಲೆ ಚಾವಣಿಗೆ ಬಡಿಯಿತು.

“ಹಾಂ! ಹೀಗೆ! ಬಿಡಬೇಡಿ!” ಗಿರಾಕಿ ಕೂಗಿದ. ಆಮೇಲೆ, “ನಿಲ್ಸಿ, ನಿಲ್ಸಿ!”

ಪೊದೆಯತ್ತ ಓಡಿದ. ಒಂದು ಚೀರಾಟ ಕೇಳಿಸಿತು. ಹೊರಗೆ ಬಂದಾಗ ಮುಖ ಮೊರದಗಲ. ಸೇಲ್ಸ್‌ಮನ್ನನ್ನು ಬಾಚಿ ತಬ್ಬಿಕೊಂಡ.

“ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯಲ್ಲ. ಎಂಥ ಗಾಡಿ ರೀ!”

ಸೇಲ್ಸ್‌ಮನ್ನಿಗೆ ಹೋದ ಜೀವ ಬಂದಂತಾಯಿತು. ಕಣ್ಣು ಒದ್ದೆಯಾಯಿತು. ಬುಕ್ಕಿಂಗ್ ಬರೆಯಲು ಪೆನ್ನು ತೆಗೆದ. ಗಿರಾಕಿ ಆಗಲೇ ಮನೆಗೆ ಫೋನು ಹಚ್ಚಿದ್ದ.

“ಏನೇ, ನಾಳೆ ಆಪರೇಷನ್ ಬೇಡ ಅಂತ ಡಾಕ್ಟರಿಗೆ ಹೇಳಿಬಿಡು, ಕಿಡ್ನಿಯ ಕಲ್ಲು ಬಿದ್ದುಹೋಯ್ತು! ಗಾಡಿನಾ? ನಮಗ್ಯಾಕೇ ಗಾಡಿ, ನಂಗೆ ಡ್ರೈವಿಂಗೇ ಬರಲ್ಲ!”