ಕೊನೆಯ ಸಾಲು

"ಎಡಗಣ್ಣು ಮುಚ್ಚಿ, ಕೊನೇ ಸಾಲು ಓದಿ ಮೇಡಂ," ಎಂದ ಷಡಕ್ಷರಿ. ಇರುವೆಯಷ್ಟು ಚಿಕ್ಕ ಅಕ್ಷರಗಳನ್ನು ಆಕೆ ತಡವರಿಸದೆ ಓದಿದಳು. ಇನ್ನೊಂದು ಕಣ್ಣಿನಲ್ಲೂ ಹಾಗೇ ಓದಿದಳು.

ಕೊಪ್ಪದ ಅವನ ಕನ್ನಡಕದ ಅಂಗಡಿಗೆ ಇಷ್ಟು ಚುರುಕು ಕಣ್ಣಿನ ಗಿರಾಕಿ ಬಂದದ್ದೇ ಇಲ್ಲ. ಕಣ್ಣು ಪರೀಕ್ಷಿಸುವವರಿಗೂ ನೋಂದಣಿ ಕಡ್ಡಾಯವೆನ್ನುವ ಹೊಸ ಕಾಯ್ದೆಯ ಸುದ್ದಿ ಕೇಳಿದ್ದೇ, ಓದದೆ, ದುಡ್ಡು ಕಟ್ಟಿ ಅಂಚೆಯಲ್ಲಿ ತರಿಸಿದ್ದ ತನ್ನ ಡಿಪ್ಲೊಮಾವನ್ನು ಅವನು ಗೋಡೆಯಿಂದ ಇಳಿಸಿ ಬಚ್ಚಲೊಲೆಗೆ ಹಾಕಿದ್ದ.

"ನಿಮ್ಮ ಕಣ್ಣಿಗೆ ಎಂತದೂ ಆಗಿಲ್ಲ. ಮತ್ತೆ ಎಂತಕ್ಕೆ ಬಂದ್ರಿ?"

ಆಕೆ ಅವನತ್ತ ತಿರುಗಲಿಲ್ಲ. ಅಕ್ಷರದ ಬೋರ್ಡಿನ ಪಕ್ಕ, ಮಾಸಿದ ಗೋಡೆಯಲ್ಲಿ, ಬರಿಯ ಮೊಳೆಯೊಂದರ ಕೆಳಗೆ ಬೆಳ್ಳಗೆ ಉಳಿದಿದ್ದ ಚೌಕವನ್ನೇ ನೋಡುತ್ತಿದ್ದಳು.

"ಅಲ್ಲಿ ಎಂತ ಬರೆದಿತ್ತು?" ಎಂದಳು ಮೆಲ್ಲಗೆ. "ಅದೊಂದು ಮಾತ್ರ ನಂಗೆ ಓದಕ್ಕಾಗ್ತಿಲ್ಲ."