ಕೈಯೆಲ್ಲ ನೊರೆ

"ರೀ, ಒಂದು ಗಳಿಗೆ ಇವಳನ್ನ ಹಿಡ್ಕೊಳ್ಳಿ. ಔಷಧಿ ತಳ ಕಂಡಿದೆ, ಮೂಲೆ ಅಂಗಡಿಯಿಂದ ತಂದುಬಿಡ್ತೀನಿ," ಎನ್ನುತ್ತ ಹೆಂಡತಿ ಹಿಂದಿನ ಕೋಣೆಯಿಂದ ಕ್ಷೌರದಂಗಡಿಗೆ ಬಂದಳು. ಹೆಗಲ ಮೇಲೆ ಮಗು.

"ಕೈಯೆಲ್ಲ ನೊರೆ, ನೋಡು," ಎಂದ ಅವನು, ಗಿರಾಕಿಯ ಕೆನ್ನೆಯಿಂದ ಕಣ್ಣು ಕೀಳದೆ. ಮಗುವಿನ ಹೃದಯದಲ್ಲಿ ಹುಟ್ಟಿನಿಂದಲೇ ತೂತಿದೆ, ರಕ್ತ ಹೋಗುವ ದಾರಿಯೂ ಕಿರಿದಾಗಿದೆ, ಸ್ವಲ್ಪ ಮೈ ತುಂಬಿಕೊಂಡ ಮೇಲೇ ಆಪರೇಷನ್ ಎಂದು ಡಾಕ್ಟರು ಹೇಳಿದಂದಿನಿಂದ ಅವನ ಕೈಗೆ ಬಿಡುವೇ ಸಿಕ್ಕಿರಲಿಲ್ಲ. ಒಮ್ಮೆ ನೊರೆ, ಒಮ್ಮೆ ಕತ್ತರಿ, ಗಿರಾಕಿ ಇಲ್ಲದಾಗ ಪೊರಕೆ.

ಕುರ್ಚಿಯಲ್ಲಿದ್ದ ಮುದುಕ ಮೇಷ್ಟ್ರು ನೊರೆ ಮೆತ್ತಿದ ಮುಖವನ್ನು ಇತ್ತ ತಿರುಗಿಸಿದರು. "ಹಿಡ್ಕೊಳ್ಳಯ್ಯಾ. ನನ್ನ ಗಡ್ಡ ಎಲ್ಲಿಗೂ ಓಡಿಹೋಗಲ್ಲ."

ಬೇರೆ ದಾರಿಯಿಲ್ಲದೆ ಅವನು ಕೈ ಒರೆಸಿಕೊಂಡು ಮಗುವನ್ನು ಎತ್ತಿಕೊಂಡ. ಹೆಂಡತಿ ಮೆಟ್ಟಿಲಿಳಿದು ಹೋದಳು. ಮಗು ಅವನ ಮುಖ ನೋಡಿತು, ಗುರುತು ಸಿಗಲಿಲ್ಲವೇನೋ, ತುಟಿ ಸೊಟ್ಟ ಮಾಡಿ ಅಳತೊಡಗಿತು. ನೋಡನೋಡುತ್ತಿದ್ದಂತೆ ಆ ತುಟಿ ನೀಲಿಗೆ ತಿರುಗಿತು. ಉಗುರುಗಳೂ ನೀಲಿಯಾದವು. ಅಳು ಕ್ಷೀಣಿಸಿ ಬರೀ ಏದುಸಿರು ಉಳಿಯಿತು.

"ಮೇಷ್ಟ್ರೇ, ಅವಳನ್ನ ಕೂಗಿ!"

ಮೇಷ್ಟ್ರು ಕೊರಳಿಗೆ ಕಟ್ಟಿದ್ದ ಬಟ್ಟೆಯ ಸಮೇತ ಬಾಗಿಲಿಗೆ ಹೋಗಿ ಕೂಗಿದರು. ಅವನು ಅಲ್ಲೇ, ಉದುರಿದ ಕೂದಲ ನಡುವೆ ನೆಲದ ಮೇಲೆ ಕುಸಿದು ಕೂತು, ಮಗುವಿನ ಬೆನ್ನನ್ನು ತನ್ನ ಎದೆಗೆ ಆನಿಸಿಕೊಂಡು, ಅದರ ಎರಡೂ ಮೊಣಕಾಲು ಮಡಚಿ ಅದರ ಎದೆಗೆ ಒತ್ತಿ ಹಿಡಿದ. ಮಗು ನೀಲಿಗಟ್ಟಿದರೆ ಹೀಗೆ ಹಿಡಿಯಬೇಕೆಂದು ಆಸ್ಪತ್ರೆಯಲ್ಲಿ ನರ್ಸು ಹೆಂಡತಿಗೆ ಕಲಿಸುತ್ತಿದ್ದಾಗ ಅವನು ಕಿಟಕಿಯ ಬಳಿ ಬೀದಿ ನೋಡುತ್ತ ನಿಂತಿದ್ದ. ಗಂಡ ಕೇಳಿಸಿಕೊಳ್ಳುತ್ತಲೇ ಇಲ್ಲ ಎಂದು ಅವಳು ಆವತ್ತು ನೊಂದುಕೊಂಡಿದ್ದಳು. ಅವನು ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಿದ್ದ.

"ಸುಮ್ನೆ ಕೂರ್ಬೇಡ, ಮಾತಾಡ್ಸು. ಹೆಸರು ಹಿಡಿದು ಕರಿ!" ಎಂದರು ಮೇಷ್ಟ್ರು.

ಅವನು ಬಾಯಿ ತೆರೆದ. ಕರೆಯಲು ಹೆಸರೇ ಇರಲಿಲ್ಲ. 'ಆಪರೇಷನ್ ಒಂದು ಆಗ್ಲಿ, ಆಮೇಲೆ ಹೆಸರಿಡೋಣ' ಎಂದವನು ಅವನೇ. ಮಗು ಹೋದರೂ ಹೆಸರು ಮನೆಯಲ್ಲೇ ಉಳಿದುಬಿಡುತ್ತದಲ್ಲ ಎಂಬ ಹೆದರಿಕೆಯನ್ನು ಅವನು ಯಾರಿಗೂ ಹೇಳಿರಲಿಲ್ಲ.

"ಪುಟ್ಟೀ... ಏ ಕೂಸೇ... ಇಲ್ಲಿ ನೋಡೇ..." ಎಂದ. ಕೂದಲು ಕತ್ತರಿಸಿಕೊಳ್ಳಲು ಬಂದು ಹಟ ಮಾಡುವ ಯಾರ ಮಕ್ಕಳಿಗಾದರೂ ಅವನು ಹೇಳುತ್ತಿದ್ದ ಮಾತುಗಳು.

ಹೆಂಡತಿ ಓಡುತ್ತ ಬಂದಳು. ಬಾಗಿ, ಗಂಡ ಹಿಡಿದಿದ್ದ ರೀತಿ ನೋಡಿದಳು. ಒಂದು ಕ್ಷಣ ಅವನ ಮುಖವನ್ನೂ ನೋಡಿದಳು. "ಹಾಗೇ ಹಿಡ್ಕೊಂಡಿರಿ, ಬಿಡಬೇಡಿ," ಎಂದು ಪಕ್ಕದಲ್ಲೇ ಕೂತಳು. ಮೇಷ್ಟ್ರು ಆಟೋ ಹಿಡಿಯಲು ನೊರೆಮುಖದಲ್ಲೇ ಬೀದಿಗಿಳಿದರು.

ಅವಳು ಮಗುವಿನ ಕಿವಿಯ ಹತ್ತಿರ ಬಾಯಿಟ್ಟು ಮೆಲ್ಲಗೆ ಒಂದು ಹೆಸರು ಹೇಳಿದಳು. ಮತ್ತೊಮ್ಮೆ ಹೇಳಿದಳು. ಮಗುವಿನ ಕಣ್ಣುಗಳು ಆ ದನಿಯತ್ತ ಹೊರಳಿದವು. ಏದುಸಿರು ನಿಧಾನವಾಗುತ್ತ ಬಂತು. ತುಟಿಯ ಅಂಚಿನಲ್ಲಿ ಕೆಂಪು ಮೂಡಿತು.

"ಯಾರನ್ನ ಕರೆದೆ?"

"ಇವಳನ್ನೇ."

"ಯಾವಾಗಿಂದ?"

"ಹುಟ್ಟಿದಾಗಿಂದ." ಅವಳು ಕಣ್ಣೊರೆಸಿಕೊಂಡಳು. "ನಿಮ್ಮ ಮುಂದೆ ಕರೆಯೋಕೆ ಭಯ ಆಗ್ತಿತ್ತು."

ಹೊರಗೆ ಆಟೋ ಬಂದು ನಿಂತ ಸದ್ದಾಯಿತು. ಅವಳು ಮಗುವಿಗಾಗಿ ಕೈ ಚಾಚಿದಳು. ಅವನು ಕೊಡಲಿಲ್ಲ. ಹಾಗೇ ಎದೆಗವುಚಿಕೊಂಡು ಎದ್ದ.

"ಇನ್ನೊಂದ್ಸಲ ಕರಿ," ಎಂದ. "ನಾನೂ ಕಲ್ತ್ಕೋತೀನಿ."