ಮನೆಗೊಂದು ನಂಬರ್

"ನಿಮ್ಮ ಕಂಪ್ಯೂಟರಿನ ಮನೆ ಹಾಳಾಗ!" ಎನ್ನುತ್ತಲೇ ಆಸ್ಪತ್ರೆಯ ಹಿರಿಯ ನರ್ಸ್ ಮೂರನೆಯ ಮಹಡಿಯ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. "ಕೆಳಗೆ ಒಬ್ಬಳು ಗಂಡನ ಕೈಲಿ ತುಟಿ ಒಡೆಸ್ಕೊಂಡು ಕೂತಿದ್ದಾಳೆ. ಮಗು ಈಗ್ಲೇ ಬೇಡ ಅಂತ ಮಾತ್ರೆ ತಗೋತಿದ್ಲು, ಪಾಪ. ಡಾಕ್ಟರಿಗೆ, ನಂಗೆ ಬಿಟ್ರೆ ನರಪಿಳ್ಳೆಗೂ ಗೊತ್ತಿರ್ಲಿಲ್ಲ. ಆ ಔಷಧಿ ಚೀಟಿ ಗಂಡನ ಫೋನಲ್ಲಿ ಹೇಗೆ ಬಂತು, ಹೇಳು ಕೋಡಕ್ಕ!"

ಆಸ್ಪತ್ರೆಯ ವೆಬ್‌ಸೈಟಿಗೆ ಕೋಡ್ ಬರೆದವಳಿಗೆ ಎಲ್ಲರೂ ಇಟ್ಟ ಹೆಸರು ಕೋಡಕ್ಕ. ಚೀಟಿ ಹೇಗೆ ಬಂತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಮೈಯೆಲ್ಲ ಉರಿದುಹೋಯಿತು. ಸೈಟ್ ಕಟ್ಟಲು ಬಳಸಿದ ಸಿದ್ಧ ಫ್ರೇಮ್‌ವರ್ಕಿನ ಜೊತೆಗೇ ಬಂದ, ಬಳಕೆದಾರರ ವಿವರ ಇಡುವ ಟೇಬಲ್‌ನಲ್ಲಿ ತಲೆಗೊಂದು ಲಾಗಿನ್ ಹೆಸರಿಗೆ ಜಾಗವಿತ್ತು. "ಅದೆಲ್ಲ ಜನ ಮರೀತಾರೆ, ಕಿತ್ತು ಹಾಕಿ. ಫೋನ್ ನಂಬರೇ ಗುರುತು. ಮನೆಗೊಂದು ನಂಬರ್, ಮಿಕ್ಕವರೆಲ್ಲ ಅದರ ಕೆಳಗೆ" ಎಂದು ಮ್ಯಾನೇಜರ್ ಪಟ್ಟು ಹಿಡಿದಿದ್ದ. "ಬೇಡ ಸಾರ್, ಒಂದ್ಸಲ ಹೀಗೆ ಮಾಡಿದ್ರೆ ಆಮೇಲೆ ಬದಲಾಯಿಸೋದು ಕಷ್ಟ" ಎಂದು ಅವಳು ಬಾಯಿ ಬಡಿದುಕೊಂಡಿದ್ದಳು. ಬಡಿದುಕೊಂಡು, ಕೊನೆಗೆ ಅವನು ಹೇಳಿದಂತೆಯೇ ಬರೆದೂ ಕೊಟ್ಟಿದ್ದಳು. ಈಗ ಬಂದ ಸಿಟ್ಟಿನಲ್ಲಿ ಅರ್ಧಪಾಲು ತನ್ನ ಮೇಲೇ ಇತ್ತು.

ನರ್ಸನ್ನು ಕರೆದುಕೊಂಡು ನೇರವಾಗಿ ಮ್ಯಾನೇಜರನ ಕೋಣೆಗೆ ನುಗ್ಗಿದಳು. ಅವನು ಕನ್ನಡಕ ಒರೆಸುತ್ತ ಎಲ್ಲವನ್ನೂ ಕೇಳಿಸಿಕೊಂಡ.

"ಗಂಡ ಹೆಂಡ್ತಿ ಜಗಳಕ್ಕೆ ಟೇಬಲ್ ಏನ್ರೀ ಮಾಡುತ್ತೆ? ಅವಳಿಗೊಂದು ಬೇರೆ ನಂಬರ್ ಹಾಕಿಬಿಡಿ."

"ಅವಳ ಹತ್ರ ಫೋನೇ ಇಲ್ಲ ಸಾರ್" ಎಂದಳು ನರ್ಸ್. ಕೋಡಕ್ಕ ಸೇರಿಸಿದಳು: "ಟೇಬಲ್ಲೇ ಬದಲಾಗ್ಬೇಕು. ಲ್ಯಾಬು, ಔಷಧಿ, ಅಪಾಯಿಂಟ್‌ಮೆಂಟು, ಹೀಗೆ ಮೂವತ್ತೆಂಟು ಟೇಬಲ್ ಇದಕ್ಕೇ ಜೋತುಬಿದ್ದಿವೆ. ಹದಿನೈದು ದಿನ ಬೇಕು. ಅಲ್ಲೀವರೆಗೆ ಸೈಟ್ ಮುಚ್ಚಿ."

"ಮುಚ್ಚೋದಾ? ಒಬ್ಬಳಿಗೋಸ್ಕರ?"

"ಒಬ್ಬಳಲ್ಲ." ಕೋಡಕ್ಕ ಅವನ ಕೀಬೋರ್ಡನ್ನೇ ಎಳೆದುಕೊಂಡು ಎರಡು ಸಾಲು ಕುಟ್ಟಿದಳು. "ಗಂಡನ ನಂಬರಿನ ಕೆಳಗಿರೋ ಹೆಂಗಸರು ನಾಲ್ಕು ಸಾವಿರದ ನೂರಾ ಹನ್ನೆರಡು. ನೋಡಿ."

ಮ್ಯಾನೇಜರ್ ಪರದೆ ನೋಡಿದ. ಹೆದರಬೇಕಾದವನ ಮುಖ ಅರಳಿತು.

"ನೋಡಿ ಮತ್ತೆ! ಇಷ್ಟು ಜನರಲ್ಲಿ ಒಬ್ಬರಾದ್ರೂ ಎರಡು ವರ್ಷದಲ್ಲಿ ಸೈಟಿನಲ್ಲಿ ದೂರು ಕೊಟ್ಟಿದಾರಾ? ಅಲ್ಲೇ ಇದೆಯಲ್ಲ, ದೂರಿನ ಪುಟ!"

ಕೋಡಕ್ಕ ಕೀಬೋರ್ಡನ್ನು ಅವನತ್ತ ತಳ್ಳಿದಳು.

"ಹೇಗೆ ಕೊಡ್ತಾರೆ ಸಾರ್? ದೂರು ಬರೆಯೋಕೂ ಲಾಗಿನ್ ಆಗ್ಬೇಕು. ಓಟಿಪಿ ಗಂಡನ ಫೋನಿಗೇ ಹೋಗೋದು."